ದೋಣಿಯವನ ಹೆಂಡತಿಗೆ ಕರಿ ಗುಂಡಿ

ಜೂನ್ ೩

ಅಕ್ಕಾ,

ಪುಸ್ತಕದ ಕಟ್ಟು ಬಂತು. ನಿಮ್ಮ ಗ್ರಂಥಾಲಯದವರು ರದ್ದಿಗೆ ಹಾಕಿದ್ದನ್ನೆಲ್ಲ ಅಂಟು ಹಚ್ಚಿ, ದಾರ ಹೊಲಿದು ಕಳಿಸಿದ್ದೀಯ. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಬೆನ್ನಿಲ್ಲ, ಒಂದಕ್ಕೆ ಹೆಸರೇ ಇಲ್ಲ. ನಮ್ಮಲ್ಲಿ ಕೆಲಸಕ್ಕಿರುವವರೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಹೊಸ ಕೆಲಸ ಏನೆಂದು ಕೇಳಿದ್ದೆಯಲ್ಲ. ಇದು ಅಂಗಿಯ ಗುಂಡಿ ಮಾಡುವ ಕಾರ್ಖಾನೆ. ಸಾಹಿತ್ಯದ ಪದವಿ ಹಿಡಿದು ಇಷ್ಟು ವರ್ಷ ಅಲೆದವನು ಕೊನೆಗೆ ಗುಂಡಿಗೆ ಬಿದ್ದೆ ಅಂದುಕೋ. ಉದ್ದನೆಯ ಕೋಣೆ, ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು. ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ ತುಂಬ ಗುಂಡಿ. ಅಂಚು ಮುಕ್ಕಾದದ್ದು, ತೂತು ಓರೆಯಾದದ್ದು, ಬಣ್ಣ ಮಾಸಿದ್ದು ಆರಿಸಿ ತಗಡಿನ ಡಬ್ಬಿಗೆ ಹಾಕಬೇಕು. ಕಣ್ಣಿಗೆ ಕೆಲಸ, ಕಿವಿಗೆ ರಜ. ಮೊದಲು ರೇಡಿಯೊ ಇಟ್ಟಿದ್ದರಂತೆ. ಕೈ ಹಾಡಿನ ತಾಳಕ್ಕೆ ಓಡಿ, ಒಳ್ಳೆಯದೂ ಕೆಟ್ಟದೂ ಒಂದೇ ಡಬ್ಬಿಗೆ ಬಿತ್ತಂತೆ. ಸುಮ್ಮನೆ ಬಿಟ್ಟರೆ ಮಾತು, ಮಾತು ಬೆಳೆದರೆ ಜಗಳ. ಕಥೆ ಓದಿಸಿದರೆ ಮಾತ್ರ ಬಾಯಿ ಮುಚ್ಚಿ ಕಣ್ಣು ತೆರೆದಿರುತ್ತಾರೆ ಅನ್ನುವುದು ಮೇಲ್ವಿಚಾರಕರ ಸಂಶೋಧನೆ. ಹಾಗಾಗಿ ನಾನು ಇದ್ದೇನೆ. ಚಿಕ್ಕಂದಿನಲ್ಲಿ ಹೇಳಿದ್ದನ್ನೇ ಹೇಳುತ್ತೇನೆಂದು ನೀನು ಇಟ್ಟ ಹೆಸರು ಈಗ ಹುದ್ದೆಯಾಗಿದೆ.

ಇಲ್ಲಿ ಒಂದು ಪದ್ಧತಿ ಇದೆ. ಪುಸ್ತಕ ಮುಗಿದ ದಿನ ತೀರ್ಪು. ಕಥೆಯಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟೋ ಅವರ ಹೆಸರು ಹೇಳಿ ಒಂದು ಗಾಜಿನ ಜಾಡಿ ಇಡುತ್ತಾರೆ. ತಪ್ಪಿತಸ್ಥರು ಅನ್ನುವವರು ಕರಿ ಗುಂಡಿ ಹಾಕಬೇಕು, ಅಲ್ಲ ಅನ್ನುವವರು ಬಿಳಿ. ಎಲ್ಲ ಮುಕ್ಕಾದ ಗುಂಡಿಗಳೇ, ಕಂಪನಿಗೆ ನಷ್ಟವಿಲ್ಲ.

ನಿನ್ನ ಹೆಸರಿಲ್ಲದ ಕಾದಂಬರಿ ನೆನ್ನೆ ಮುಗಿಯಿತು. ಒಬ್ಬ ಮುದಿ ದೋಣಿಯವ, ಬುದ್ಧಿ ಮಸುಕಾಗಿದೆ. ಹೆಂಡತಿ ದಿನಾ ಅವನನ್ನು ಒಳಗೆ ಕೂಡಿ, ಹೊರಗಿನಿಂದ ಬೀಗ ಹಾಕಿ, ಬುಟ್ಟಿ ಮಾರಲು ಪೇಟೆಗೆ ಹೋಗುತ್ತಾಳೆ. ಅಲ್ಲಿಗೆ ಒಂದು ಅಧ್ಯಾಯ ಪೂರ್ತಿ ಹರಿದುಹೋಗಿದೆ. ಮುಂದಿನ ಪುಟದಲ್ಲಿ ನೆರೆಯವರು ಅವನನ್ನು ಕಿಟಕಿಯಿಂದ ಹೊರಗೆಳೆಯುತ್ತಿದ್ದಾರೆ, ಬೀದಿಯೆಲ್ಲ ಅವಳನ್ನು ಬೈಯುತ್ತಿದೆ, ಅವಳು ತುಟಿ ಬಿಚ್ಚುವುದಿಲ್ಲ. ಕೊನೆಗೆ ಅವನನ್ನು ದೋಣಿಯಲ್ಲಿ ಕೂರಿಸಿಕೊಂಡು ಊರು ಬಿಡುತ್ತಾಳೆ. ಯಾಕೆ ಬೀಗ ಹಾಕುತ್ತಿದ್ದಳು, ಅವಳ ಮನಸ್ಸಿನಲ್ಲೇನಿತ್ತು, ಅದು ಹರಿದ ಪುಟಗಳಲ್ಲಿದ್ದಿರಬೇಕು.

ತೀರ್ಪು ಮಾತ್ರ ಪುಟಕ್ಕಾಗಿ ಕಾಯಲಿಲ್ಲ. ಜಾಡಿ ತುಂಬ ಕರಿ. ಮೇಜಿನ ಆ ತುದಿಯಲ್ಲಿ ಕೂರುವ ಒಬ್ಬಳು, ಮೂಲೆಯಾಕೆ ಅನ್ನುತ್ತಾರೆ, ಗುಂಡಿಯನ್ನು ಕೈಯಲ್ಲೇ ಇಟ್ಟುಕೊಂಡಳು, ಹಾಕಲಿಲ್ಲ. ನಾನೂ ಕರಿಯೇ ಹಾಕಿದೆ. ಮನುಷ್ಯರಿಗೆ ಬೀಗ ಹಾಕುವುದೆಂದರೇನು. ಆದರೂ ಪುಸ್ತಕ ಅರ್ಧ ಓದಿ ತೀರ್ಪು ಕೊಟ್ಟ ಮುಜುಗರ. ನಿಮ್ಮಲ್ಲಿ ಇನ್ನೊಂದು ಪ್ರತಿ ಇದ್ದರೆ ಆ ಅಧ್ಯಾಯ ನಕಲು ಮಾಡಿ ಕಳಿಸು.

ಭಾವನಿಗೆ ಎಂದಿನಂತೆ ಒಂದು ಸಾಲು. ಎರಡನೆಯದು ಅವರ ಪಾಲು.

ಗುಂಡಿಯವರ ನಡುವೆ ನಾನು ಓದುವ ಗಿಳಿ

ನಿನ್ನ ತಮ್ಮ


ಜೂನ್ ೧೨
(ಇದನ್ನು ಅಂಚೆಗೆ ಹಾಕುವುದಿಲ್ಲ.)

ಗಿಳಿ,

ನೀನೂ ಕರಿಯೇ ಹಾಕಿದೆ.

ಕಾಗದಕ್ಕಾದರೂ ಹೇಳಿಬಿಡುತ್ತೇನೆ. ನಿನ್ನ ಭಾವನನ್ನು ದಿನಾ ಬೆಳಿಗ್ಗೆ ಒಳಗಿಟ್ಟು, ಹೊರಗಿನಿಂದ ಬೀಗ ಹಾಕಿ ನಾನು ಕೆಲಸಕ್ಕೆ ಬರುತ್ತೇನೆ. ಹೋದ ವರ್ಷದಿಂದ ಅವರಿಗೆ ಎಲ್ಲ ಮರೆಯುತ್ತಿದೆ. ಮೊದಲು ಪೇಟೆಯ ದಾರಿ ಹೋಯಿತು, ಆಮೇಲೆ ಬೀದಿಯದು, ಈಗ ಬಚ್ಚಲಿಗೆ ಹೋಗಬೇಕೆಂದು ಅಡಿಗೆಮನೆಗೆ ಹೋಗಿ ನಿಲ್ಲುತ್ತಾರೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಮದ್ದು ಹೇಳಲಿಲ್ಲ. ಫೋನ್ ಕೆಟ್ಟಿದೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಕೆಟ್ಟಿಲ್ಲ. ತಂತಿ ಕಿತ್ತವಳು ನಾನೇ. ಅದು ಹೊಡೆದುಕೊಂಡರೆ ಶಾಲೆಯ ಗಂಟೆಯೆಂದುಕೊಂಡು ತರಗತಿಗೆ ತಡವಾಯಿತೆಂದು ಬಾಗಿಲಿಗೆ ಓಡುತ್ತಾರೆ.

ಕೆಳಗಿನ ಮನೆಯಾಕೆ ಅವರು ಕಿಟಕಿಯಲ್ಲಿ ಕೂಗುವುದನ್ನು ಕೇಳಿ ಮನೆ ಮಾಲೀಕರಿಗೆ ಹೇಳಿದಳು. ಅವರು ಮೇಲೆ ಬಂದು, ಆಗಸ್ಟ್ ಮುಗಿಯುವುದರೊಳಗೆ ಇವರ ಜೊತೆಗೆ ಯಾರಾದರೂ ಇರಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಿ ಅಂದರು. ಇಂಥವರನ್ನು ಇಟ್ಟುಕೊಳ್ಳುವ ಕಡೆ ಸೇರಿಸಿ ಅಂತಲೂ ಅಂದರು. ಹೋಗಿ ನೋಡಿದೆ. ಅಲ್ಲಿಯೂ ಬೀಗ ಹಾಕುತ್ತಾರೆ, ನನ್ನದಕ್ಕಿಂತ ದೊಡ್ಡದು. ನಾನು ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಬಿಡದಿದ್ದರೆ ಮನೆಯೇ ಇರುವುದಿಲ್ಲ.

ನಿನಗೆ ಇದನ್ನು ಬರೆದರೆ ಮುಂದಿನ ಗಾಡಿಗೇ ಬಂದುಬಿಡುತ್ತೀಯ. ಬಂದು ಅವರನ್ನು ನೋಡುತ್ತೀಯ. ನೋಡುವುದು ಬೇಡ.


ಜೂನ್ ೧೪

ಗಿಳಿಗೆ,

ಪತ್ರ ಬಂತು. ಇಲ್ಲಿ ಎಲ್ಲ ಕ್ಷೇಮ. ಫೋನ್ ಇನ್ನೂ ಕೆಟ್ಟೇ ಇದೆ, ಬರೆಯುತ್ತಲೇ ಇರು.

ನೀನು ಕೇಳಿದ ಪುಸ್ತಕದ ಇನ್ನೊಂದು ಪ್ರತಿ ನಮ್ಮಲ್ಲಿಲ್ಲ. ರಿಪೇರಿ ಕೋಣೆಗೆ ಬಂದಾಗಲೇ ಆ ಪುಟಗಳಿರಲಿಲ್ಲ. ಯಾರೋ ಬೇಕೆಂದೇ ಹರಿದುಕೊಂಡ ಹಾಗಿತ್ತು, ಬುಡದಲ್ಲಿ ನೀಟಾಗಿ. ಬೇರೆ ಕಡೆ ವಿಚಾರಿಸುತ್ತೇನೆ.

ನಿಮ್ಮ ತೀರ್ಪಿನ ಬಗ್ಗೆ ಒಂದು ಮಾತು. ಪುಟ ಹರಿದಿದೆ ಎಂದು ಗೊತ್ತಿದ್ದೂ ಜಾಡಿ ಇಟ್ಟಿರಲ್ಲ, ಅಷ್ಟು ಅವಸರ ಏನಿತ್ತು? ಗುಂಡಿ ಆರಿಸುವಾಗ ಎರಡೂ ಮಗ್ಗುಲು ತಿರುಗಿಸಿ ನೋಡುತ್ತಾರಲ್ಲವೇ. ಇರಲಿ, ನನಗೇನು. ಕಥೆಯ ಹೆಂಗಸು ತಾನೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಓಡಾಡಿಕೊಂಡಿರುತ್ತಾರೆ. ಅವರ ಸಾಲು:

ಕಿಟಕಿ ಮುಚ್ಚಿಕೊಂಡು ಓದು, ಬೀಸುತ್ತಿದೆ ಚಳಿ

ಅಕ್ಕ


ಜೂನ್ ೨೪

ಅಕ್ಕಾ,

ಭಾವನ ಸಾಲು ಓದಿ ಕನ್ನಡಕ ಒರೆಸಿಕೊಂಡೆ. ಕೊನೆಯ ಪ್ರಾಸ ಸರಿ, ಮೊದಲಿನದು ಎಲ್ಲಿ? ನಾನು ‘ಗುಂಡಿ’ ಎಂದರೆ ಅವರು ‘ದಂಡಿ’ಯನ್ನೋ ‘ಬಂಡಿ’ಯನ್ನೋ ಹೂಡಿಕೊಂಡು ಬರಬೇಕು. ಎರಡೂ ತುದಿ ಕೂಡದ ಸಾಲಿಗೆ ಸೊನ್ನೆ ಹಾಕುತ್ತಿದ್ದ ಗಣಿತದ ಮೇಷ್ಟ್ರು ಸಮೀಕರಣವನ್ನು ಒಂದೇ ಕಡೆ ಬಿಡಿಸಿ ಎದ್ದು ಹೋಗಿದ್ದಾರೆ. ವಯಸ್ಸಾಯಿತು ಅನ್ನು. ಅಥವಾ ನಿನ್ನ ಅಡಿಗೆ ಚೆನ್ನಾಗಿ ಆಗುತ್ತಿದೆ, ಊಟವಾದ ಮೇಲೆ ನಿದ್ದೆಗಣ್ಣಿನಲ್ಲಿ ಬರೆದಿದ್ದಾರೆ.

ಹರಿದ ಅಧ್ಯಾಯದ ವಿಷಯ ನಿನ್ನ ಕೋಪಕ್ಕಿಂತ ಮೊದಲೇ ಇಲ್ಲಿ ಎದ್ದಿತು. ನಮ್ಮಲ್ಲೊಬ್ಬರು ಇದ್ದಾರೆ, ಎಲ್ಲದಕ್ಕೂ ಆಕ್ಷೇಪ ಎತ್ತುವವರು. ಹೆಸರು ತಕರಾರಕ್ಕ. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯರು. ಅವರು ಹೇಳಿದ್ದು:

“ಪುಟ ಸಿಗಲಿಲ್ಲ ಅಂದ್ರೆ ನೀವೇ ಬರೀರಿ ಸಾರ್. ಓದೋಕೆ ಸಂಬಳ ಕೊಡ್ತಾರೆ, ಒಂದು ಅಧ್ಯಾಯ ಬರೆಯೋಕಾಗಲ್ವಾ?”

ಬರೆದೆ. ಒಂದು ಭಾನುವಾರ ಪೂರ್ತಿ ಕೂತು ಬರೆದೆ. ಪೇಟೆಯಲ್ಲಿ ಅವಳಿಗೊಬ್ಬ ಹಳೆಯ ಗೆಳೆಯನನ್ನು ಹುಟ್ಟಿಸಿದೆ. ಕಣ್ಣೀರು, ನಿಟ್ಟುಸಿರು, ಸೂರ್ಯಾಸ್ತ ಎಲ್ಲ ಇಟ್ಟೆ. ಅರ್ಧ ಓದುವಷ್ಟರಲ್ಲಿ ಡಬ್ಬಿಗೆ ಗುಂಡಿ ಬೀಳುವ ಸದ್ದು ಜೋರಾಯಿತು. ಇಲ್ಲಿ ಕಥೆ ಹಿಡಿಸಿದರೆ ಕೈ ನಿಧಾನ, ಹಿಡಿಸದಿದ್ದರೆ ಚುರುಕು. ಮೇಲ್ವಿಚಾರಕರಿಗೆ ನನ್ನ ಬರವಣಿಗೆ ತುಂಬ ಹಿಡಿಸಿತು. ತಕರಾರಕ್ಕನಿಗೆ ಇಲ್ಲ.

“ಗಂಡಸರು ಬರೆದ್ರೆ ಇಷ್ಟೇ. ಹೆಂಗಸು ಹೊಸಲು ದಾಟಿದ್ರೆ ಇವರಿಗೆ ಇನ್ನೊಬ್ಬ ಗಂಡಸು ಬೇಕೇ ಬೇಕು. ಸುಮ್ನೆ ಎಲ್ಲಾದ್ರೂ ಕೂತ್ಕೊಳ್ಳೋಣ ಅಂತ ಹೋಗಿರಬಾರದಾ ಅವಳು?”

ಎಲ್ಲರೂ ನಕ್ಕರು. ಮೂಲೆಯಾಕೆ ನಗಲಿಲ್ಲ. ಆಕೆ ನಗುವುದೂ ಇಲ್ಲ, ಆಡುವುದೂ ಇಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇಷ್ಟು ವರ್ಷ ಊರವರ ಪುಸ್ತಕಕ್ಕೆಲ್ಲ ತೇಪೆ ಹಾಕಿದ್ದೀಯ. ಇದಕ್ಕೂ ಒಂದು ಹಾಕು. ದೋಣಿಯವನ ಹೆಂಡತಿ ಬೀಗ ಯಾಕೆ ಹಾಕಿದಳೆಂದು ನೀನೇ ಬರೆದು ಕಳಿಸು. ನಿನ್ನದೆಂದು ಹೇಳುವುದಿಲ್ಲ, ಪುಟ ಸಿಕ್ಕಿತು ಅನ್ನುತ್ತೇನೆ.

ಭಾವನಿಗೆ: ಹಳೆಯ ಸಾಲು ನಪಾಸು, ಮರುಪರೀಕ್ಷೆಗೆ ಕೂರತಕ್ಕದ್ದು.

ತಮ್ಮ


ಜುಲೈ ೧೦

ಗಿಳಿಗೆ,

ಅಧ್ಯಾಯ ಇದರ ಜೊತೆಗಿದೆ. ಬರೆಯುವುದಿಲ್ಲ ಎಂದುಕೊಂಡೇ ಬರೆದೆ. ಓದುವುದಿದ್ದರೆ ಎಲ್ಲೂ ಬಿಡದೆ, ಎಲ್ಲೂ ಸೇರಿಸದೆ ಓದು. ಸೂರ್ಯಾಸ್ತ ಬೇಡ.

ನಿನ್ನ ಭಾವ ಮರುಪರೀಕ್ಷೆಗೆ ಸಮಯ ಕೇಳಿದ್ದಾರೆ.

ಅಕ್ಕ

“ಬೀಗ ಹಾಕುವಾಗ ಅವಳು ಸೆರಗನ್ನು ಅದರ ಸುತ್ತ ಹಿಡಿಯುತ್ತಿದ್ದಳು. ಸದ್ದು ಒಳಗೆ ಕೇಳಬಾರದು. ಕೇಳಿದರೆ ಅವನು ಬಾಗಿಲಿಗೆ ಬಂದು ಯಾರು ಎಂದು ಕೇಳುತ್ತಿದ್ದ. ‘ನಾನು’ ಅಂದರೆ, ‘ನಾನು ಅಂದರೆ ಯಾರು’ ಅನ್ನುತ್ತಿದ್ದ. ಆ ಪ್ರಶ್ನೆಗೆ ನಿಂತಷ್ಟೂ ಹೊತ್ತು ಪೇಟೆಗೆ ತಡವಾಗುತ್ತಿತ್ತು.

“ಮೊದಮೊದಲು ಬೀಗ ಇರಲಿಲ್ಲ. ಬೂಟು ಸಾಕಿತ್ತು. ಅವನು ಬೂಟು ಹಾಕದೆ ಹೊಸಲು ದಾಟಿದವನಲ್ಲ, ಹೊಳಪಿಲ್ಲದ ಬೂಟು ಹಾಕಿದವನೂ ಅಲ್ಲ. ಅದಕ್ಕೇ ಹೋಗುವ ಮುಂಚೆ ಒಂದು ಬೂಟನ್ನು ಬಚ್ಚಿಡುತ್ತಿದ್ದಳು. ಎರಡನ್ನೂ ಬಚ್ಚಿಟ್ಟರೆ ಅವನಿಗೆ ಬೂಟಿನ ನೆನಪೇ ಬರುತ್ತಿರಲಿಲ್ಲ, ಬರಿಗಾಲಲ್ಲೇ ಹೊರಟುಬಿಡುತ್ತಿದ್ದ. ಒಂದನ್ನು ಎದುರಿಗೆ ಬಿಟ್ಟರೆ ಅದರ ಜೋಡಿ ಹುಡುಕುತ್ತ ಮಧ್ಯಾಹ್ನ ಮಾಡುತ್ತಿದ್ದ. ಅವಳು ಬಂದು ಅದನ್ನು ಮಂಚದ ಕೆಳಗೆ ಸರಿಸುವಳು. ಅವನು ಬಗ್ಗಿ ನೋಡಿ, ಸಿಕ್ಕಿತು ನೋಡು, ಇಲ್ಲೇ ಇತ್ತು ಅನ್ನುವನು. ದಿನದಲ್ಲಿ ಅವರಿಬ್ಬರೂ ಒಟ್ಟಿಗೆ ನಗುತ್ತಿದ್ದದ್ದು ಆಗ ಮಾತ್ರ. ಆಮೇಲೆ ಒಂದು ದಿನ ಬೂಟು ಯಾವುದಕ್ಕೆ ಅನ್ನುವುದೂ ಮರೆಯಿತು. ಆ ದಿನ ಬೀಗ ತಂದಳು.

“ಇದೆಲ್ಲವನ್ನೂ ಅವಳು ಬೀದಿಗೆ ಹೇಳಬಹುದಿತ್ತು. ಹೇಳದಿದ್ದದ್ದು ಇನ್ನೊಂದಕ್ಕೆ. ಪೇಟೆಯಲ್ಲಿ ಬುಟ್ಟಿಗಳ ಮಧ್ಯೆ ಕೂತಾಗ ಅವಳಿಗೆ ಅವನ ನೆನಪು ಬರುತ್ತಿರಲಿಲ್ಲ. ಯಾರೋ ಬೆಲೆ ಕೇಳುತ್ತಿದ್ದರು, ಇವಳು ಹೇಳುತ್ತಿದ್ದಳು. ಕೇಳಿದ್ದನ್ನೇ ಮತ್ತೆ ಕೇಳುತ್ತಿರಲಿಲ್ಲ. ಅವಳಿಗೆ ಖುಷಿಯಾಗುತ್ತಿತ್ತು. ಅವನಿಗೆ ಬೀಗ ಹಾಕಿ ಬಂದು ತಾನು ಖುಷಿಯಾಗಿದ್ದೇನೆ ಅನ್ನುವುದನ್ನು ಯಾವ ಬೀದಿಯಲ್ಲಿ ನಿಂತು ಹೇಳುವುದು. ಸಂಜೆ ಬೀಗ ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದಳು. ನೋಡಿದವರು ದಣಿದಿದ್ದಾಳೆ ಅಂದುಕೊಂಡರು. ಅವಳು ಮುಖ ಬದಲಾಯಿಸಿಕೊಳ್ಳುತ್ತಿದ್ದಳು.”


ಜುಲೈ ೨೧

ಅಕ್ಕಾ,

ನೀನು ಬರೆದದ್ದನ್ನು ನೆನ್ನೆ ಓದಿದೆ. ಪುಟ ಸಿಕ್ಕಿತು ಎಂದು ಮಾತ್ರ ಹೇಳಿದೆ, ನಿನ್ನ ಹೆಸರೆತ್ತಲಿಲ್ಲ.

ಬೂಟು ಮಂಚದ ಕೆಳಗೆ ಸಿಗುವ ಹೊತ್ತಿಗೆ ಡಬ್ಬಿಗಳ ಸದ್ದು ಪೂರ್ತಿ ನಿಂತಿತು. ಮೇಲ್ವಿಚಾರಕರು ಬಾಗಿಲಿಗೆ ಬಂದು ನಿಂತರು. ಅವರನ್ನೂ ಯಾರೂ ಗಮನಿಸಲಿಲ್ಲ. ಮುಗಿದ ಮೇಲೆ ಮೂಲೆಯಾಕೆ ಮಾತಾಡಿದಳು. ನಾನು ಬಂದ ಮೇಲೆ ಆಕೆಯ ದನಿ ಕೇಳಿದ್ದು ಇದೇ ಮೊದಲು.

“ನಾನು ನಮ್ಮಮ್ಮನ್ನ ಹೀಗೇ ಕೂಡಿಹಾಕಿ ಬರ್ತಿದ್ದೆ. ಅವಳು ತೀರಿಹೋಗೋವರೆಗೂ.”

ಪಕ್ಕದವಳು, “ಹೇಳಲೇ ಇಲ್ಲವಲ್ಲೇ ಮಾರಾಯ್ತಿ, ದಿನಾ ಒಟ್ಟಿಗೆ ಉಣ್ತಿದ್ವಿ,” ಅಂದಳು.

“ಏನಂತ ಹೇಳೋದು? ಇಲ್ಲಿ ಬಂದು ಈ ತಟ್ಟೆ ಮುಂದೆ ಕೂತ್ರೆ ಸಾಕು ಅನ್ನಿಸ್ತಿತ್ತು ಅಂತಲಾ? ಮುಕ್ಕಾದ ಗುಂಡಿ ನೋಡ್ತಾ ಹಾಯಾಗಿರ್ತಿದ್ದೆ ಅಂತಲಾ?”

ಆಮೇಲೆ ಇನ್ನೊಬ್ಬಳು ತನ್ನ ಕೂಸನ್ನು ಮಂಚದ ಕಾಲಿಗೆ ಕಟ್ಟಿ ಬರುತ್ತಿದ್ದದ್ದನ್ನು ಹೇಳಿದಳು. ಕೂಸಿಗೆ ಈಗ ಮದುವೆಯಾಗಿದೆ, ನಗುತ್ತಲೇ ಹೇಳಿದಳು, ಕೊನೆಯಲ್ಲಿ ನಗು ಎಲ್ಲೋ ತಪ್ಪಿಹೋಯಿತು. ಮತ್ತೆ ಜಾಡಿ ಇಟ್ಟರು. ಈ ಸಲ ಬಹುಪಾಲು ಬಿಳಿ. ಮೂಲೆಯಾಕೆ ಅಂದು ಕೈಯಲ್ಲಿಟ್ಟುಕೊಂಡಿದ್ದ ಗುಂಡಿಯನ್ನು ನೆನ್ನೆ ಹಾಕಿದಳೋ ಇಲ್ಲವೋ ಗೊತ್ತಾಗಲಿಲ್ಲ. ತಕರಾರಕ್ಕ ಮಾತ್ರ ಕರಿಯನ್ನೇ ಹಾಕಿದರು.

“ಅರ್ಥ ಆಗಲಿಲ್ವಾ ಅಕ್ಕಾ ನಿಮಗೆ?” ಎಂದು ಕೇಳಿದೆ.

“ಅರ್ಥ ಆಗದೇ ಏನು? ರಾತ್ರಿ ನನಗೆ ನಿದ್ದೆ ಬರಲ್ಲ, ಅಷ್ಟು ಅರ್ಥ ಆಗಿದೆ. ಒಳಗೆ ಬೆಂಕಿ ಬಿದ್ದಿದ್ರೆ? ಅರ್ಥ ಆಯ್ತು ಅಂತ ಬೀಗ ತೆರೆದುಕೊಳ್ಳುತ್ತಾ? ಯಾರಾದ್ರೂ ಹೋಗಿ ಅವನ ಜೊತೆ ಕೂತಿದ್ರೆ ಆಗ್ತಿತ್ತು. ಕರಿ ಗುಂಡಿ ಅವಳಿಗಲ್ಲ, ಆ ಬೀದಿಗೆ ಹಾಕಿದ್ದೀನಿ ಅಂದುಕೊಳ್ಳಿ.”

ಅದು ಪದ್ಧತಿಗೆ ವಿರುದ್ಧ. ಆದರೆ ಅವರಿಗೆ ಹೇಳುವವರು ಯಾರು.

ಇನ್ನು ಬರಹಗಾರ್ತಿಯ ಲೋಪದೋಷ. ಇದನ್ನೂ ತಕರಾರಕ್ಕನೇ ಹಿಡಿದದ್ದು. “ದೋಣಿಯವನಿಗೆ ಎಲ್ಲಿಂದ ಬಂತು ಸಾರ್ ಪಾಲಿಶ್ ಬೂಟು? ದಿನವೆಲ್ಲ ನೀರಲ್ಲಿ ಕಾಲಿಟ್ಟುಕೊಂಡಿರೋನು.” ನನಗೆ ನಾಚಿಕೆಯಾಯಿತು. ನಿಜ ತಾನೆ. ಹಿಂದಿನ ಅಧ್ಯಾಯಗಳಲ್ಲಿ ಅವನು ಬರಿಗಾಲಲ್ಲೇ ಇದ್ದಾನೆ. ನೀನು ಮೈಮರೆತು ಅವನಿಗೆ ಬೂಟು ತೊಡಿಸಿದ್ದೀಯ. ಅದೂ ಎಂಥ ಬೂಟು, ಹೊಳಪಿಲ್ಲದಿದ್ದರೆ ಹೊಸಲು ದಾಟದವನದು. ಅಂಥ ಮನುಷ್ಯರನ್ನು ನಾನು ಜೀವಮಾನದಲ್ಲಿ ನೋಡಿದ್ದು ಒಬ್ಬರನ್ನೇ, ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಪೇಪರ್ ಹಾಸಿಕೊಂಡು ನಮ್ಮ

ಅಕ್ಕಾ, ಫೋನ್ ನಿಜವಾಗಿ ಕೆಟ್ಟಿದೆಯಾ?


ಆಗಸ್ಟ್ ೪

ಅಕ್ಕಾ,

ನಿನ್ನ ಉತ್ತರವಿಲ್ಲ. ಹದಿನೈದು ದಿನದಿಂದ ಅಂಚೆಯವನ ಮುಖ ನೋಡುತ್ತಿದ್ದೇನೆ, ಅವನಿಗೆ ಸಂಕೋಚವಾಗುವಷ್ಟು.

ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಭಾವನ ಸಾಲುಗಳು ಒಂದು ವರ್ಷದಿಂದಲೂ ಒಂದೇ ತುದಿಗೆ ಪ್ರಾಸ. ಅವು ನಿನ್ನವು. ನಾನು ಅವಕ್ಕೆ ಅಂಕ ಹಾಕುತ್ತ ಕೂತಿದ್ದೆ.

ಕಥೆಯಲ್ಲಿ ಆ ಹೆಂಗಸು ಯಾಕೆ ಹಾಗೆ ಮಾಡಿದಳೆಂದು ಇಡೀ ಕೋಣೆಗೆ ತಿಳಿಯಿತು. ಜೋರಾಗಿ ಓದಿದವನಿಗೆ ತಿಳಿಯಲು ತಕರಾರು ಬೇಕಾಯಿತು. ಹೇಳು.

ತಮ್ಮ


ಆಗಸ್ಟ್ ೧೦

ಗಿಳಿಗೆ,

ಹೌದು.

ಭಾವನಿಗೆ ಹೋದ ವರ್ಷದಿಂದ ಹೀಗೆ. ಆಗಸ್ಟ್ ಕೊನೆಯೊಳಗೆ ಜೊತೆಗೆ ಯಾರಾದರೂ ಇರಬೇಕು, ಇಲ್ಲದಿದ್ದರೆ ಮನೆ ಬಿಡಬೇಕು. ಕೆಳಗಿನ ಮನೆಯಾಕೆ ದೂರು ಕೊಟ್ಟಿದ್ದಾಳೆ. ಮೆಟ್ಟಿಲಲ್ಲಿ ಸಿಕ್ಕರೆ ಗೋಡೆಗೆ ಸರಿದು ನಿಲ್ಲುತ್ತಾಳೆ. ನಾನು ಬೀಗ ಹಾಕುವುದನ್ನು ಒಂದು ದಿನ ಬಾಗಿಲ ಸಂದಿಯಿಂದ ನೋಡಿದಳು. “ನಾಯಿಗೂ ಹೀಗೆ ಮಾಡಲ್ಲ ನಾವು” ಅಂದಳು. ಅವರ ಮನೆಯಲ್ಲಿ ನಾಯಿ ಇಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಪತ್ರಗಳಲ್ಲಿ ಅವರು ಇನ್ನೂ ಎರಡೂ ತುದಿ ಕೂಡಿಸುವ ಮೇಷ್ಟ್ರಾಗಿದ್ದರು. ನೀನು ಬೈಯುತ್ತಿದ್ದೆ, ನಪಾಸು ಮಾಡುತ್ತಿದ್ದೆ, ಹುಷಾರಾಗಿರುವವರನ್ನು ಮಾತ್ರ ಹಾಗೆ ಗೋಳುಹೊಯ್ದುಕೊಳ್ಳುತ್ತಾರೆ. ಇಲ್ಲಿಗೆ ಬರುವವರೆಲ್ಲ ಅವರೊಂದಿಗೆ ಮೆತ್ತಗೆ ಮಾತಾಡುತ್ತಾರೆ. ಒಂದು ಕಡೆಯಾದರೂ ಅವರು ಹಾಗೇ ಇರಲಿ ಅಂದುಕೊಂಡೆ.

ಮೂಲೆಯಾಕೆ ಹೇಳಿದ್ದನ್ನು ಬಹಳ ಸಲ ಓದಿದೆ. ಹಾಯಾಗಿರುತ್ತಿದ್ದೆ ಅಂದಳಲ್ಲ. ಆ ಮಾತನ್ನು ನಾನೊಬ್ಬಳೇ ಈ ಲೋಕದಲ್ಲಿ ನುಂಗಿಕೊಂಡಿರುವುದು ಅಂದುಕೊಂಡಿದ್ದೆ. ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು. ಏನೆಂದು ತೋಚಲಿಲ್ಲ. ಕೇಳಿಸಿಕೊಂಡೆ ಎಂದು ಹೇಳು.

ಬರಬೇಡ ಅಂತ ಹೇಳಿದರೆ ನೀನು ಕೇಳುವುದಿಲ್ಲ. ಬಂದರೆ ಒಂದೇ ಷರತ್ತು. ಅವರೊಂದಿಗೆ ಮೆತ್ತಗೆ ಮಾತಾಡಕೂಡದು.

ಅಕ್ಕ


ಆಗಸ್ಟ್ ೧೬

ಅಕ್ಕಾ,

ಶುಕ್ರವಾರ ಬೆಳಿಗ್ಗೆಯ ಗಾಡಿಗೆ ಹೊರಡುತ್ತೇನೆ. ಒಂದು ತಿಂಗಳ ರಜ. ಮೇಲ್ವಿಚಾರಕರು ಕೊಡುವುದಿಲ್ಲ ಅಂದರು. ಅಕ್ಕನ ಮನೆಯಲ್ಲಿ ಕಾಯಿಲೆ ಅಂದೆ, ಎಲ್ಲರ ಅಕ್ಕನ ಮನೆಯಲ್ಲೂ ಕಾಯಿಲೆ ಇರುತ್ತೆ ಅಂದರು. ತಕರಾರಕ್ಕ ಎದ್ದು ನಿಂತು, “ಅಲ್ಲಿವರೆಗೆ ನಾನು ಓದ್ತೀನಿ, ಕಳಿಸಿ” ಅಂದರು. ಅವರು ಓದಿದರೆ ಒಂದು ಸಾಲು ಕಥೆಗೆ ಮೂರು ಸಾಲು ಆಕ್ಷೇಪಣೆ. ಆದರೂ ಮೇಲ್ವಿಚಾರಕರು ಒಪ್ಪಿದರು. ಒಪ್ಪದೆ ಅವರಿಗೂ ದಾರಿ ಇರಲಿಲ್ಲ.

ಇದಕ್ಕಿಂತ ಹೆಚ್ಚು ನಾನು ಯಾರಿಗೂ ಏನೂ ಹೇಳಿರಲಿಲ್ಲ. ಕಾರ್ಖಾನೆಯಿಂದ ಹೊರಡುವಾಗ ಮೂಲೆಯಾಕೆ ಕೇಳಿದಳು, “ಬೂಟಿನವರ ಮನೆಗಾ ಸಾರ್?” ಹೌದು ಅಂದೆ. ನೀನು ಕೇಳಿಸಿಕೊಂಡೆ ಎಂದು ತಿಳಿಸಿದೆ. ತಲೆಯಾಡಿಸಿ ತಟ್ಟೆ ಎಳೆದುಕೊಂಡಳು.

ನನಗೆ ರೋಗಿಗಳನ್ನು ನೋಡಿಕೊಳ್ಳಲು ಬರುವುದಿಲ್ಲ. ಓದಲು ಬರುತ್ತದೆ. ಪುಸ್ತಕ ತರುತ್ತೇನೆ.

ತಮ್ಮ


ಸೆಪ್ಟೆಂಬರ್ ೨೮

ಗಿಳಿಗೆ,

ನೀನು ಹೋದ ಮೇಲೆ ಹೇಗೆ ನಡೆಯುತ್ತಿದೆ ಎಂದು ಕೇಳಿದ್ದೀಯ. ನಡೆಯುತ್ತಿದೆ.

ನೀನಿದ್ದಾಗ ದಿನಾ ಬೆಳಿಗ್ಗೆ ಬಾಗಿಲು ಹಾರುಹೊಡೆದು ಮೇಲಿನ ಮೆಟ್ಟಿಲಲ್ಲಿ ಕೂತು ಇವರಿಗೆ ಗಟ್ಟಿಯಾಗಿ ಓದಿದೆಯಲ್ಲ, ಬೇಕೆಂದೇ ಗಟ್ಟಿಯಾಗಿ ಓದಿದೆ ಅನ್ನುವುದು ನನಗೆ ಗೊತ್ತು. ಕೆಳಗಿನ ಮನೆಯಾಕೆ ಮೊದಲ ವಾರ ಸದ್ದು ಎಂದು ಬಾಗಿಲು ಬಡಿದಳು, ಆಮೇಲಿನ ವಾರ ಬಾಗಿಲು ಅರ್ಧ ತೆರೆದಿಟ್ಟಳು. ದೋಣಿಯವನ ಕಥೆಯಲ್ಲಿ ನಾನು ಬರೆದ ಅಧ್ಯಾಯ ಬಂದ ದಿನ ನೀನು ನಿಲ್ಲಿಸಿ ಕೆಳಗೆ ನೋಡಿದೆಯಂತೆ. ಅವಳು ಮೆಟ್ಟಿಲ ಬುಡದಲ್ಲಿ ಪೊರಕೆ ಹಿಡಿದು ನಿಂತಿದ್ದಳಂತೆ. ಇದನ್ನು ನೀನು ನನಗೆ ಹೇಳಲಿಲ್ಲ, ಅವಳೇ ಹೇಳಿದಳು.

ನೀನು ಹೊರಟ ಮರುದಿನ ಬೆಳಿಗ್ಗೆ ನಾನು ಮತ್ತೆ ಬೀಗ ಕೈಗೆತ್ತಿಕೊಂಡಿದ್ದೆ. ಅವಳು ಹೆಣಿಗೆಯ ಚೀಲ ಹಿಡಿದು ಮೇಲೆ ಬಂದಳು.

“ನಿಮಗೋಸ್ಕರ ಬಂದಿದ್ದೀನಿ ಅಂದುಕೊಳ್ಳಬೇಡಿ. ಮುಂದೇನಾಯ್ತು ಅಂತ ಗೊತ್ತಾಗಬೇಕು ನನಗೆ. ಪುಸ್ತಕ ಎಲ್ಲಿಟ್ಟಿದ್ದಾರೆ ನಿಮ್ಮ ತಮ್ಮ?”

ಕೊಟ್ಟೆ. ಅವಳು ಓದುವುದು ಅಕ್ಷರಕ್ಕೆ ಅಕ್ಷರ ಜೋಡಿಸಿ. ತಪ್ಪಿದರೆ ನಿನ್ನ ಭಾವ ತಿದ್ದುತ್ತಾರೆ. ಸಾಲು ನೆನಪಿರುವುದಿಲ್ಲ, ಕಥೆ ನೆನಪಿರುವುದಿಲ್ಲ, ತಪ್ಪು ಮಾತ್ರ ಕಿವಿಗೆ ತಟ್ಟನೆ ಬೀಳುತ್ತದೆ. ನೆನ್ನೆ ಅವಳನ್ನು ಬೆಂಚಿನ ಮೇಲೆ ನಿಲ್ಲುವಂತೆ ಹೇ‍ಳಿದರಂತೆ. “ಈ ವಯಸ್ಸಲ್ಲಿ ನಿಲ್ಲಿಸಿದ್ರಲ್ರೀ ನಿಮ್ಮ ಮನೆಯವರು” ಎಂದು ನನ್ನ ಹತ್ತಿರ ಜಗಳಕ್ಕೆ ಬಂದಳು. ನಿಂತಿರಾ ಎಂದು ಕೇಳಿದೆ. ನಿಂತೆ ಅಂದಳು.

ಮಧ್ಯಾಹ್ನದವರೆಗೆ ಅವಳು. ಆಮೇಲಿನ ಹೊತ್ತಿಗೆ ರಿಪೇರಿಯ ಪುಸ್ತಕಗಳನ್ನು ಮನೆಗೇ ತರಲು ನಮ್ಮಲ್ಲಿ ಒಪ್ಪಿದ್ದಾರೆ. ಮಾಲೀಕರು ಬಂದಿದ್ದರು. ಜೊತೆಗೆ ಯಾರಿರುತ್ತಾರೆ ಎಂದು ಕೇಳಿದ್ದಕ್ಕೆ ಅವಳೇ ಮುಂದೆ ಬಂದು, “ನಾನಿರ್ತೀನಿ, ಏನೀಗ?” ಅಂದಳು. ಸದ್ಯಕ್ಕೆ ಮನೆ ಉಳಿದಿದೆ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಪುಸ್ತಕಗಳನ್ನು ಕಳಿಸುವ ಸರದಿ ಈಗ ನಿನ್ನದು. ದಪ್ಪನೆಯವು ಬೇಕು.

ಇನ್ನೊಂದು ವಿಷಯ. ಈಚೆಗೆ ಸಂಜೆ ಹೊತ್ತು ಅವರು ನನ್ನನ್ನು ‘ನೀವು’ ಅನ್ನುತ್ತಾರೆ, ಓದಲು ಬಂದ ಯಾರೋ ಅಂದುಕೊಂಡು. ನೆನ್ನೆ ಸಂಜೆ ಅವರಿಗೆ ಆ ಅಧ್ಯಾಯವನ್ನು ನಾನೇ ಓದಿದೆ. ಓದಬೇಕೆಂದೇನೂ ಇರಲಿಲ್ಲ, ಪುಸ್ತಕ ಅಲ್ಲಿಗೇ ತೆರೆದುಕೊಂಡಿತು. ಕೈ ಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ಕೇಳಿದರು:

“ಆ ಹೆಂಗಸು ಇದನ್ನೆಲ್ಲ ಯಾರ ಹತ್ರನೂ ಹೇಳ್ಕೊಳ್ಳಲಿಲ್ವಾ?”

“ಇಲ್ಲ.”

“ಗಂಡನ ಹತ್ರ?”

“ಹೇಳಿದ್ರೂ ಅವನಿಗೆ ನೆನಪಿರಲ್ಲ.”

ಸ್ವಲ್ಪ ಹೊತ್ತು ಯೋಚಿಸಿದರು. ಹಿಂದೆ ಕಷ್ಟದ ಲೆಕ್ಕ ಸಿಕ್ಕಾಗ ಹುಬ್ಬು ಗಂಟಿಕ್ಕುತ್ತಿದ್ದರಲ್ಲ, ಹಾಗೆ.

“ನೆನಪಿರದಿದ್ರೆ ಏನಂತೆ? ಹೇಳುವಾಗ ಕೇಳಿಸ್ಕೊಳ್ತಾನಲ್ಲ.”

ಅದಕ್ಕೇ ಹೇಳಿದೆ. ಎಲ್ಲವನ್ನೂ ಹೇಳಿದೆ, ಕೆಲಸದ ಮೇಜಿಗೆ ಕೂತಾಗ ನನಗಾಗುವ ಖುಷಿಯನ್ನೂ ಬಿಡದೆ. ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಕೊನೆಗೆ, “ನಿಮಗೆ ತುಂಬಾ ಕಷ್ಟ ಆಗಿದೆ” ಅಂದರು.

ಬೆಳಿಗ್ಗೆ ಅವರಿಗೆ ಏನೂ ನೆನಪಿರಲಿಲ್ಲ. ಇವತ್ತು ಸಂಜೆ ಮತ್ತೆ ಹೇಳಬೇಕೆಂದಿದ್ದೇನೆ.

ಅಕ್ಕ